ಗೋಲು ಕಾಯುವವರಿಗೆ ಹೇಳದ ಸುದ್ದಿ

ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಲಂಡನ್ನಿನ ಕಿಂಗ್ಸ್‌ಬರಿಗೆ ಬಂದು ಇಷ್ಟು ವರ್ಷವಾದರೂ ಈ ರೋಗ ವಾಸಿಯಾಗಿಲ್ಲ. ಧಾರವಾಡದಿಂದ ತಮ್ಮ ಬೆಳಿಗ್ಗೆಯೇ ಫೋನು ಮಾಡಿದನೆಂದರೆ ನಾನು ಹಲೋ ಎನ್ನುವುದಿಲ್ಲ, "ಅವ್ವ ಹೆಂಗದಾಳ?" ಎನ್ನುತ್ತೇನೆ. ಅವನು ನಕ್ಕರೆ ನನಗೆ ಉಸಿರು ಬರುತ್ತದೆ. ಆ ಭಾನುವಾರ ಅವನು ನಗಲಿಲ್ಲ.

"ಅವ್ವಗ ರಾತ್ರಿಯಿಂದ ಸ್ವಲ್ಪ ದಮ್ಮ ಹತ್ತೈತಿ, ಅಕ್ಕಾ. ದವಾಖಾನ್ಯಾಗ ಇಟ್ಟೀವಿ. ಸೀರಿಯಸ್ ಏನಿಲ್ಲ," ಎಂದ.

ನಮ್ಮ ಕಡೆಯವರ ಬಾಯಲ್ಲಿ ಬರುವ 'ಸ್ವಲ್ಪ'ವನ್ನು ನಾನು ನಂಬುವುದಿಲ್ಲ. ಅಪ್ಪ ತೀರಿಕೊಂಡಾಗಲೂ ಇದೇ ತಮ್ಮ "ಅಪ್ಪಗ ಸ್ವಲ್ಪ ಆರಾಮಿಲ್ಲ, ಬಂದು ಹೋಗು" ಎಂದಿದ್ದ. ದೂರದಲ್ಲಿದ್ದಾಳೆ, ವಿಮಾನದಲ್ಲಿ ಒಬ್ಬಳೇ ಅಳುತ್ತ ಕೂರುವುದು ಬೇಡ ಎಂಬ ಅಂತಃಕರಣ ಅದು. ನಾನು ಅಪ್ಪನಿಗೆಂದು ಉಣ್ಣೆಯ ಸ್ವೆಟರ್ ಕೊಂಡುಕೊಂಡು ಹುಬ್ಬಳ್ಳಿಯಿಂದ ಬಾಡಿಗೆ ಕಾರಿನಲ್ಲಿ ಬಂದಿಳಿದರೆ ಮನೆಯ ಮುಂದೆ ಪೆಂಡಾಲು, ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ. ಕೂತವರೆಲ್ಲ ನನ್ನನ್ನು ನೋಡಿ ಒಮ್ಮೆಲೇ ಎದ್ದು ನಿಂತರು. ಮಣ್ಣು ಮಾಡಿ ಮುಗಿದಿತ್ತು. ಓಣಿಗೆಲ್ಲ ಗೊತ್ತಿತ್ತು, ಕಾರಿನವನಿಗೂ ಗೊತ್ತಿತ್ತೋ ಏನೋ. ಗೊತ್ತಿಲ್ಲದವಳು ನಾನೊಬ್ಬಳೇ. ತಮ್ಮನ ಮೇಲಿನ ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

"ವಿಡಿಯೊ ಹಚ್ಚು. ನನಗ ಅವ್ವನ್ನ ತೋರ್ಸು," ಎಂದೆ.

"ಐಸಿಯು ಒಳಗ ಫೋನ್ ಬಿಡೂದಿಲ್ಲ ಅಕ್ಕಾ."

"ಕೈಕಾಲು ಹಿಡದು ಬಿಡಸ್ಕೊ. ನೋಡೂತನಕ ನಾ ನಂಬೂದಿಲ್ಲ."

ಅವನು ನರ್ಸಿಗೆ ಏನು ಹೇಳಿ ಒಪ್ಪಿಸಿದನೋ, ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಅವ್ವ ಕಂಡಳು. ಮೂಗು ಬಾಯಿ ಮುಚ್ಚಿದ ಆಮ್ಲಜನಕದ ಮಾಸ್ಕು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಅವ್ವನ ಬರಿ ಹಣೆಯನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಕಣ್ಣು ತೆರೆದಿದ್ದವು. ನನ್ನನ್ನು ಗುರುತಿಸಿ ಕೈಯೆತ್ತಿದಳು. ಮಾಸ್ಕನ್ನು ತುಸು ಸರಿಸಿ, ಎರಡೆರಡು ಮಾತಿಗೊಮ್ಮೆ ಉಸಿರೆಳೆಯುತ್ತ ಹೇಳಿದಳು:

"ಕೂಸಿನ ಆಟ... ಇವತ್ತ ಹೌದಲ್ಲ? ಅಕಿಗೆ ಏನೂ... ಹೇಳಬ್ಯಾಡ. ಆಟ ಮುಗೀಲಿ."

ತಮ್ಮ ಹೊರಗೆ ಬಂದು ಉಳಿದದ್ದನ್ನು ಹೇಳಿದ. ಸಂಜೆಯೊಳಗೆ ಗಂಟಲಿಗೆ ನಳಿಗೆ ಹಾಕುತ್ತಾರೆ. ಹಾಕಿದ ಮೇಲೆ ನಿದ್ದೆಯ ಔಷಧಿ ಕೊಟ್ಟು ಮಲಗಿಸಿರುತ್ತಾರೆ, ಮಾತಿಲ್ಲ. ಯಾವಾಗ ತೆಗೆಯುತ್ತಾರೆಂದು ಡಾಕ್ಟರು ಹೇಳಲಿಲ್ಲ. "ಕೂಸಿಗೆ ಹೇಳಬ್ಯಾಡ ಅಕ್ಕಾ, ಅವ್ವನೂ ಅದನ್ನ ಅಂದಾಳ. ಆಟ ಮುಗದ ಮ್ಯಾಲೆ ನಿಧಾನಕ್ಕ ಹೇಳಿದ್ರಾತು," ಎಂದು ಮತ್ತೆ ಮತ್ತೆ ಅಂದ. ನಾನೂ "ಹೂಂ" ಅಂದೆ. ಆ ಕ್ಷಣಕ್ಕೆ ಅದೇ ಸರಿ ಅನ್ನಿಸಿತ್ತು.

ಕೂಸು ಎಂದರೆ ನನ್ನ ಮಗಳು, ಹದಿನಾಲ್ಕು ವರ್ಷದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಆಯಿಗೆ, ಅಂದರೆ ನನ್ನ ಅವ್ವನಿಗೆ, ಇಂಗ್ಲಿಷ್ ಬಾರದು. ಆದರೂ ಇಬ್ಬರೂ ವಾರಕ್ಕೆರಡು ಸಲ ವಿಡಿಯೊದಲ್ಲಿ ತಾಸುಗಟ್ಟಲೆ ಮಾತಾಡುತ್ತಾರೆ. ಮಗಳು ಐಸಿನ ಮೇಲೆ ಜಾರುತ್ತ ಆಡುವ 'ಐಸ್ ಹಾಕಿ' ಆಟ ಆಡುತ್ತಾಳೆ, ಅದರಲ್ಲೂ ಗೋಲು ಕಾಯುತ್ತಾಳೆ. ಭಾರತೀಯರ ಮಕ್ಕಳೆಲ್ಲ ಅಬಾಕಸ್ಸು, ಭರತನಾಟ್ಯ ಎಂದು ಓಡುವಾಗ ಇವಳಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ ಗೊತ್ತಿಲ್ಲ. ಮೊದಲ ಸಲ ಅವಳ ವೇಷ ನೋಡಿ ಅವ್ವ, "ಕಾಲಿಗೆ ಗಾದಿ ಕಟ್ಕೊಂಡು ಆಡೂ ಆಟ ಯಾವುದವ್ವ ಇದು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ನಾನು ಕಳಿಸುವ ಪ್ರತಿ ವಿಡಿಯೊ ನೋಡಿ, ಕಪ್ಪು ಬಿಲ್ಲೆ ಗೋಲಿನೊಳಗೆ ಹೋದರೆ ನೇರ ನನಗೆ ಫೋನು ಮಾಡಿ ಬೈಯುತ್ತಿದ್ದಳು, ಒಳಗೆ ಬಿಟ್ಟವಳು ನಾನೇ ಎಂಬಂತೆ.

ಆ ಭಾನುವಾರದ ಪಂದ್ಯ ಅಂಥಿಂಥದ್ದಲ್ಲ. ಪ್ರಾಂತ್ಯದ ಹುಡುಗಿಯರ ತಂಡಕ್ಕೆ ಗೋಲು ಕಾಯುವವಳನ್ನು ಆರಿಸಲು ಒಬ್ಬ ಹೆಂಗಸು ನೋಡಲು ಬರುವವಳಿದ್ದಳು. ಮಗಳು ವಾರದಿಂದ ಅದನ್ನೇ ಉಂಡು ಅದನ್ನೇ ಹೊದ್ದು ಮಲಗಿದ್ದಳು.

ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಭಾನುವಾರದ ಪಾಳಿ. ಪಾಳಿಯಲ್ಲಿದ್ದಾಗ ಫೋನು ಲಾಕರಿನಲ್ಲಿರುತ್ತದೆ. ಕೇಳಲು ಯಾರೂ ಇಲ್ಲದೆ ನಾನು ಮಗಳನ್ನೂ ಅವಳ ಹೆಣಭಾರದ ಚೀಲವನ್ನೂ ಕಾರಿಗೆ ಹಾಕಿಕೊಂಡು ಹೊರಟೆ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಸಿಗ್ನಲ್ಲಿನಲ್ಲಿ ನಿಂತಾಗ ಮಗಳು ನನ್ನನ್ನೇ ನೋಡುತ್ತಿದ್ದಳು.

"ಏನಾದರೂ ಆಗಿದೆಯಾ? ನೀನು ಬೆಳಿಗ್ಗೆಯಿಂದ ಒಂದು ಸಲವೂ ನನ್ನನ್ನು ಬೈದಿಲ್ಲ," ಎಂದಳು ಇಂಗ್ಲಿಷಿನಲ್ಲಿ.

"ಏನಿಲ್ಲವಾ. ನಿದ್ದಿ ಬಂದಿಲ್ಲ," ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ತಮ್ಮನ ದನಿಯೇ ನನ್ನ ಗಂಟಲಿನಿಂದ ಬಂದಿತ್ತು.

ರಿಂಕಿನಲ್ಲಿ, ಅಂದರೆ ಐಸಿನ ಅಂಗಳದಲ್ಲಿ, ಕೋಚ್ ಬಾಗಿಲಲ್ಲೇ ನಿಂತಿದ್ದ. ಎಪ್ಪತ್ತು ದಾಟಿದ ಮುದುಕ. ಎರಡು ಮೊಣಕಾಲೂ ಹೋಗಿವೆ, ಮೆಟ್ಟಿಲನ್ನು ಪಕ್ಕವಾಗಿ ಇಳಿಯುತ್ತಾನೆ. ಊರಾಚೆ ಫೆಲ್ಥಮ್‌ನಲ್ಲಿ ತನ್ನ ಮಗಳ ಮನೆಯಲ್ಲಿದ್ದುಕೊಂಡು, ಎರಡು ಬಸ್ಸು ಬದಲಿಸಿ ಬಂದು, ಗೋಲು ಕಾಯುವ ಮಕ್ಕಳಿಗೆ ಮಾತ್ರ ಕಲಿಸುತ್ತಾನೆ. ಸೋವಿಯತ್ ದೇಶ ಎಂಬುದೊಂದು ಇದ್ದಾಗ ಅದರ ರಾಷ್ಟ್ರೀಯ ತಂಡದ ಗೋಲು ಕಾದವನು ಇವನೇ ಎಂದು ನನ್ನ ಮಗಳು ಹುಡುಕಿ ತೋರಿಸುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದರ ತೂಕ ತಿಳಿಯಲಿಲ್ಲ. ನನಗೆ ಹಾಕಿ ಅಂದರೆ ಕೆಮ್ಮಣ್ಣಿನ ಮೈದಾನ. ಮಸುಕಾದ ಹಳೆಯ ವಿಡಿಯೊದಲ್ಲಿ ಕೆಂಪಂಗಿಯ ತೆಳ್ಳನೆಯ ಹುಡುಗನೊಬ್ಬ ಬೆಕ್ಕಿನಂತೆ ಅತ್ತಿತ್ತ ಹಾರುತ್ತಾನೆ. ವಿಶ್ವ ಪಂದ್ಯಾವಳಿಯ ಫೈನಲ್ ಅದು. ಒಂದು ಗೋಲನ್ನೂ ಬಿಡದೆ ಗೆದ್ದು, ಕೋಲನ್ನು ಮೇಲಕ್ಕೆಸೆದು, ಮೊಣಕಾಲೂರಿ ಐಸಿನ ಮೇಲೆ ಜಾರುತ್ತ ಕುಣಿಯುತ್ತಾನೆ. ಅದನ್ನು ಈಗಲೂ ಜನ ನೋಡುತ್ತಾರೆ. ವಯಸ್ಸಾದ ರಷ್ಯನ್ನರು ರಿಂಕಿಗೇ ಹುಡುಕಿಕೊಂಡು ಬಂದು, ಕೈಹಿಡಿದು, ಕಣ್ಣೊರೆಸಿಕೊಂಡು ಹೋಗುತ್ತಾರೆ.

ಅಭ್ಯಾಸದ ದಿನಗಳಲ್ಲಿ ಯಂತ್ರದ ಚಹಾ ಕುಡಿಯುತ್ತ ಅವನು ತುಂಡುತುಂಡಾಗಿ ಹೇಳಿದ್ದಿಷ್ಟು. ಹುಟ್ಟಿದ್ದು ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ತಾಯಿ ಕಾರ್ಖಾನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಚಳಿಗಾಲದ ಸಂಜೆ ಕೆಲಸದಿಂದ ಬಂದವಳು ಅಂಗಳಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಓಣಿಯ ಮಕ್ಕಳಿಗೆ ಆಡುವ ಜಾಗವಾಗುತ್ತಿತ್ತು. ಹಳೆಯ ಕೌದಿ ಹರಿದು ಮಗನ ಕಾಲಿಗೆ ಮೊದಲ ಪ್ಯಾಡು ಹೊಲಿದವಳೂ ಅವಳೇ. ಮೀಸೆ ಚಿಗುರುವ ಮೊದಲೇ ರಾಜಧಾನಿಯ ಸೈನ್ಯದ ತಂಡದವರು ಅವನನ್ನು ಕರೆದೊಯ್ದರು. ಒಂದು ಗುಂಡೂ ಹಾರಿಸದೆ, ಪದಕ ಬಂದಂತೆಲ್ಲ ಸೈನ್ಯದಲ್ಲಿ ಪದವಿ ಏರಿತು. ವರ್ಷದ ಹೆಚ್ಚುಪಾಲು ಬೇಲಿಯೊಳಗಿನ ಶಿಬಿರದಲ್ಲಿ ವಾಸ. ಇಡೀ ತಂಡಕ್ಕೆ ಒಂದೇ ಫೋನು, ಮನೆಗೆ ಹೋಗಲು ಅಪ್ಪಣೆ ಬೇಕು. ತಾಯಿ ಎರಡು ದಿನ ರೈಲಿನಲ್ಲಿ ಕೂತು, ಉಪ್ಪಿನಕಾಯಿಯ ಜಾಡಿ ಹಿಡಿದು ಬಂದರೆ ಗೇಟಿನ ಬಳಿ ಒಂದು ತಾಸು ಭೇಟಿ. ದೇಶವೇ ಇಲ್ಲವಾದಾಗ ಅವನ ವಯಸ್ಸೂ ಮುಗಿದಿತ್ತು. ಹೊರದೇಶದ ಸಣ್ಣಪುಟ್ಟ ತಂಡಗಳಲ್ಲಿ ಒಂದೆರಡು ವರ್ಷ ಆಡಿ, ಕಲಿಸುತ್ತ ಕಲಿಸುತ್ತ, ಕೊನೆಗೆ ಮಗಳ ಹಿಂದೆ ಲಂಡನ್ನಿಗೆ ಬಂದ.

ಆ ಫೈನಲ್ ಪಂದ್ಯದ ಬಗ್ಗೆ ಮಾತ್ರ ಅವನು ಎಂದೂ ಮಾತಾಡಿರಲಿಲ್ಲ. ಮಕ್ಕಳು ಕೇಳಿದರೆ, "ಆವತ್ತು ನನಗೆ ಅದೃಷ್ಟವಿತ್ತು. ಎದ್ದೇಳಿ, ಅಭ್ಯಾಸ ಮಾಡಿ," ಎನ್ನುತ್ತಿದ್ದ.

ಪಂದ್ಯ ಶುರುವಾಯಿತು. ನಾನು ರಿಂಕಿನಲ್ಲಿ ಹೆಸರಾದ ಕೂಗುಮಾರಿ. ಉಳಿದ ತಾಯಂದಿರು ಕೈಗವಸಿನೊಳಗೆ ಮೆತ್ತಗೆ ಚಪ್ಪಾಳೆ ತಟ್ಟುವಾಗ ನಾನು ಮಾರ್ಕೆಟ್ಟಿನ ದನಿಯಲ್ಲಿ "ಎಡಕ್ಕ ನೋಡು, ಎಡಕ್ಕ!" ಎಂದು ಕಿರುಚಿ ಮಗಳ ಮರ್ಯಾದೆ ತೆಗೆಯುವವಳು. ಆ ದಿನ ಫೋನನ್ನು ಅಂಗೈಯಲ್ಲಿ ಹಿಡಿದು ಮೂಕಿಯಂತೆ ಕೂತಿದ್ದೆ. ಧಾರವಾಡದಲ್ಲಿ ಆಗಲೇ ಮಧ್ಯಾಹ್ನ ಇಳಿಯುತ್ತಿತ್ತು. ಸಂಜೆಯೊಳಗೆ ಎಂದರೆ ಯಾವಾಗ? ಅಲ್ಲಿಯ ಡಾಕ್ಟರು ಸಂಜೆ ಎನ್ನುವುದು ನಾಲ್ಕಕ್ಕೋ, ಏಳಕ್ಕೋ? ತಮ್ಮನಿಗೆ ಮೆಸೇಜು ಹಾಕಿದರೆ "ಇನ್ನೂ ಇಲ್ಲ" ಎಂದು ಬಂತು. ಮತ್ತೆ ಹಾಕಿದರೆ ಬರಲೇ ಇಲ್ಲ. ಫೋನು ಸತ್ತಿದೆಯೇನೋ ಎಂದು ಬಟನ್ನು ಒತ್ತಿ ಒತ್ತಿ ನೋಡಿದೆ. ಚಾರ್ಜು ಬೇಕಾದಷ್ಟಿತ್ತು.

ಮಗಳು ಚೆನ್ನಾಗಿ ಆಡುತ್ತಿದ್ದಳು. ಅದೇ ನನ್ನನ್ನು ತಿನ್ನುತ್ತಿತ್ತು. ಬಿಲ್ಲೆಯನ್ನು ತಡೆದಾಗಲೆಲ್ಲ ಅವಳು ಕೋಲಿನಿಂದ ಗೋಲಿನ ಕಂಬವನ್ನು ಎರಡು ಸಲ ಬಡಿಯುತ್ತಾಳೆ, ಖುಷಿಗೆ. ಆ ಟಣ್ ಟಣ್ ಕೇಳಿದಾಗಲೆಲ್ಲ ನಾನು ಫೋನು ತಿರುವಿ ನೋಡುತ್ತಿದ್ದೆ. ಇವಳು ಇಲ್ಲಿ ಕುಣಿಯುವಾಗ ಅಲ್ಲಿ ಏನಾಗುತ್ತಿದೆಯೋ! ಆಯ್ಕೆಯ ಹೆಂಗಸು ಥರ್ಮಾಸು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿ ನೋಡುತ್ತಿದ್ದಳು.

ಮೂರು ಅವಧಿಯ ಆಟದಲ್ಲಿ ಎರಡನೆಯದು ಮುಗಿದಾಗ ಎರಡೂ ಕಡೆ ಒಂದೊಂದು ಗೋಲು. ಮಕ್ಕಳು ಒಳಗೆ ಹೋದರು, ಐಸು ಒರೆಸುವ ಯಂತ್ರ ಸುತ್ತು ಹಾಕತೊಡಗಿತು. ಕೋಚ್ ಮೆಟ್ಟಿಲುಗಳನ್ನು ಪಕ್ಕಪಕ್ಕವಾಗಿ ಹತ್ತಿ ನನ್ನ ಬಳಿ ಬಂದ. ಅವನ ಇಂಗ್ಲಿಷು ಗಿಡ್ಡ, ನನ್ನದೂ ಆ ದಿನ ಅಷ್ಟೇ ಇತ್ತು.

"ಇವತ್ತು ನೀವು ಕೂಗುತ್ತಿಲ್ಲ," ಎಂದ.

ಯಾರಾದರೂ ಕೇಳಲಿ ಎಂದೇ ಕಾದಿದ್ದೆನೋ ಏನೋ, ಎಲ್ಲವನ್ನೂ ಒದರಿಬಿಟ್ಟೆ. ಅವ್ವ, ದಮ್ಮು, ನಳಿಗೆ, ಮಗಳಿಗೆ ಹೇಳಬೇಡವೆಂದು ಅವ್ವನೇ ಹೇಳಿದ್ದು. "ದಯವಿಟ್ಟು ಅವಳಿಗೆ ಹೇಳಬೇಡಿ. ಪಂದ್ಯ ಮುಗಿಯಲಿ," ಎಂದೆ.

ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಯಂತ್ರದ ಮೇಲೆ ಕಣ್ಣಿಟ್ಟೇ ಮಾತಾಡಿದ.

"ಆ ಫೈನಲ್ ದಿನ ಬೆಳಿಗ್ಗೆ ಹೋಟೆಲಿಗೆ ಫೋನು ಬಂದಿತ್ತು. ನನ್ನ ತಾಯಿ ಸತ್ತಿದ್ದಳು. ತಂಡದ ಜೊತೆ ಒಬ್ಬ ಅಧಿಕಾರಿ ಇರುತ್ತಿದ್ದ, ಅವನು ಫೋನು ತೆಗೆದುಕೊಂಡ. ನಮ್ಮ ಕೋಚಿಗೆ ಹೇಳಿದ. ಕೋಚ್ ಎಲ್ಲರಿಗೂ ಹೇಳಿದ. ನನಗೆ ಹೇಳಲಿಲ್ಲ."

ನಾನು ಅವನತ್ತ ತಿರುಗಿ ಕೂತೆ.

"ಎಂದೂ ಕ್ಷೇಮ ಕೇಳದ ಕೋಚ್ ಆವತ್ತು 'ಊಟ ಮಾಡಿದೆಯಾ' ಎಂದು ಕೇಳಿದ. ಕೋಣೆಯಲ್ಲಿ ಜೊತೆಗಿದ್ದವನು ಜೋಕು ಮಾಡಲಿಲ್ಲ. ಫೈನಲ್ ಅಂತ ಎಲ್ಲರಿಗೂ ಹೆದರಿಕೆ ಎಂದುಕೊಂಡೆ. ಗೆದ್ದೆವು. ಕುಣಿದೆ. ನೀವು ನೋಡಿದ್ದೀರಿ. ಪದಕ ಹಾಕಿಕೊಂಡು ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು."

"ಅವರು ಒಳ್ಳೆಯದಕ್ಕೇ..." ಎಂದು ನಾನು ತಡವರಿಸಿದೆ. ತಮ್ಮನ ಪರವಾಗಿ ಮಾತಾಡುತ್ತಿದ್ದೆನೋ, ನನ್ನ ಪರವಾಗಿಯೋ.

"ಕೆಟ್ಟದ್ದಕ್ಕೆ ಯಾರು ಮಾಡುತ್ತಾರೆ? ನನಗೆ ಹೇಳಿದ್ದರೂ ಅವಳು ಬದುಕುತ್ತಿರಲಿಲ್ಲ. ಮಣ್ಣಿಗೂ ಹೋಗಲಾಗುತ್ತಿರಲಿಲ್ಲ. ಅದಕ್ಕೆ ಸಿಟ್ಟಿಲ್ಲ. ನಾನು ಕುಣಿದೆನಲ್ಲ, ಆಗ ಸುತ್ತ ನಿಂತವರಿಗೆಲ್ಲ ಗೊತ್ತಿತ್ತು. ನನ್ನನ್ನು ನೋಡುತ್ತ ನಿಂತಿದ್ದರು. ಆಮೇಲೆ ಅವರಲ್ಲಿ ಒಬ್ಬನೂ ನನಗೆ ಸ್ನೇಹಿತನಾಗಿ ಉಳಿಯಲಿಲ್ಲ."

ಯಂತ್ರ ಕೊನೆಯ ಸುತ್ತಿಗೆ ಬಂದಿತ್ತು. ಅವನು ಕುರ್ಚಿಯ ಬೆನ್ನು ಹಿಡಿದು ಎದ್ದ. "ಬೆಂಚಿನಲ್ಲಿ ಗೋಲು ಕಾಯುವ ಇನ್ನೊಬ್ಬಳು ಇದ್ದಾಳೆ. ನೀವು ಕೈಯೆತ್ತಿದರೆ ಬದಲಿಸುತ್ತೇನೆ. ಎತ್ತದಿದ್ದರೆ ಇಲ್ಲ. ನೀವು ತಾಯಿ," ಎಂದು ಇಳಿದು ಹೋದ.

ನನಗೆ ಅವನ ಮೇಲೆ ಸಿಟ್ಟು ಬಂತು. ಹೆದರಿದವರ ಮೇಲೆ ಹಾವು ಎಸೆದು ಹೋದನಲ್ಲ ಮುದುಕ! ಬದಲಿಸಿದರೆ ಆಯ್ಕೆ ಹೋಯಿತು. ಮಗಳು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅವ್ವ ಬೇಡವೆಂದದ್ದನ್ನು ಮಾಡಿದಂತಾಯಿತು. ಬದಲಿಸದೆ, ಅವ್ವ ಮತ್ತೆ ಮಾತಾಡದೇ ಹೋದರೆ? ಅಥವಾ ಇವಳನ್ನು ಆಟದಿಂದ ಎಬ್ಬಿಸಿ ಅಳಿಸಿ, ನಾಳೆ ಅವ್ವ ಚೆನ್ನಾಗಿ ಎದ್ದು ಕೂತರೆ? ಹಾಗಾದರೆ ಒಳ್ಳೆಯದೇ ಅಲ್ಲವೇ, ಅದಕ್ಕೇಕೆ ಹೆದರುತ್ತಿದ್ದೇನೆ? ಮೂರನೆಯ ಅವಧಿ ಶುರುವಾಗಿತ್ತು. ಮಗಳು ಮತ್ತೆ ಕಂಬ ಬಡಿದಳು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು, ನನಗೆ ತಟ್ಟಲಾಗಲಿಲ್ಲ.

ಆಗ ತಮ್ಮನ ಮೆಸೇಜು ಬಂತು: "ಈಗ ತಯಾರಿ ನಡಸ್ಯಾರ. ಚಿಂತಿ ಮಾಡಬ್ಯಾಡ."

ನಾನು ಎದ್ದು ನಿಂತು ಎರಡೂ ಕೈ ಎತ್ತಿದೆ. ಎತ್ತಿದ್ದು ಸಾಲದೆಂಬಂತೆ ಬೀಸಿದೆ. ಮುದುಕ ನನ್ನ ಕಡೆಯೇ ನೋಡುತ್ತಿದ್ದ.

ಮಗಳು ಹೊರಗೆ ಬಂದದ್ದು ಬೆಂಕಿಯಾಗಿ. ಸ್ಕೇಟಿನ ಮೇಲೆ ರಬ್ಬರ್ ಹಾಸನ್ನು ದಡದಡ ತುಳಿಯುತ್ತ, "ನಾನೇನು ತಪ್ಪು ಮಾಡಿದೆ? ಒಂದೇ ಗೋಲು ಬಿಟ್ಟದ್ದು!" ಎಂದು ಕೂಗಿದಳು. ನಾನು ಎರಡು ಮಾತಿನಲ್ಲಿ ಹೇಳಿದೆ. ಸ್ವಲ್ಪ ಎಂಬ ಪದ ಬಳಸಲಿಲ್ಲ. ಅವಳು ಆಟದ ಮಾಸ್ಕು ತೆಗೆದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಮುಖ ಬಿಳುಚಿತ್ತು.

ಧಾರವಾಡಕ್ಕೆ ವಿಡಿಯೊ ಹಚ್ಚಿದೆ. ತಮ್ಮ ಫೋನು ಎತ್ತಿದವನೇ "ಅಕ್ಕಾ, ಬ್ಯಾಡ ಅಂದಿದ್ನಿ..." ಎಂದು ಶುರುಮಾಡಿದ. "ಬಾಯಿ ಮುಚ್ಚಿ ಅವ್ವನ ಮುಂದ ಹಿಡಿ," ಎಂದು ಗದರಿದೆ. ಹಿಡಿದ. ಅವ್ವನ ಕಣ್ಣು ಮೊದಲು ಅತ್ತಿತ್ತ ಹುಡುಕಿದವು, ಆಮೇಲೆ ಮೊಮ್ಮಗಳ ಮೇಲೆ ನಿಂತವು. ಮಾಸ್ಕಿನೊಳಗಿಂದ ದನಿ ಬಂತು.

"ಆಟ... ಮುಗೀತೇನ?"

ಗಾಜಿನಾಚೆ ಆಟ ನಡೆದೇ ಇತ್ತು. ಅದೇ ಹೊತ್ತಿಗೆ ನಮ್ಮ ಗೋಲಿನ ಬಳಿ ಗಲಾಟೆಯಾಗಿ, ಎದುರಿನವರು ಕೋಲೆತ್ತಿ ಅಪ್ಪಿಕೊಂಡರು. ಎರಡನೆಯ ಗೋಲು ಬಿದ್ದಿತ್ತು. ಮಗಳು ಅತ್ತ ಒಂದು ಸಲ ನೋಡಿದಳು. ಆಟ ಕಾಣದಂತೆ ಫೋನನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಮುಗೀತು, ಆಯಿ," ಎಂದಳು. ಕನ್ನಡದಲ್ಲಿ.

"ಗೆದ್ದಿರೇನ?"

"ಹೂಂ. ಗೆದ್ವಿ."

ಅವ್ವ ನಕ್ಕದ್ದು ಕಣ್ಣಿನಲ್ಲಿ ಕಂಡಿತು. ಏನೋ ಹೇಳಲು ಹೋದಳು, ಉಸಿರು ಸಾಲಲಿಲ್ಲ. ಕೈಯನ್ನು ಎತ್ತಿ ಗಾಳಿಯಲ್ಲೇ ದೃಷ್ಟಿ ತೆಗೆದು ನೆಟಿಕೆ ಮುರಿಯುವವಳಂತೆ ಬೆರಳು ಮಡಿಚಿದಳು. ನರ್ಸು ಬಂದಳು. ತೆರೆ ಕಪ್ಪಾಯಿತು.

ಮಗಳು ಸುಳ್ಳು ಹೇಳಿದ್ದನ್ನು ನಾನು ಬೆರಗಾಗಿ ನೋಡುತ್ತಿದ್ದೆ. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅಳುತ್ತಾಳೆಂದು ಅಪ್ಪಿಕೊಳ್ಳಲು ಹೋದರೆ, ದಪ್ಪ ಗವಸಿನ ಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ ಕೋಚಿನ ಮುಂದೆ ನಿಂತಳು.

"ನನ್ನನ್ನು ಮತ್ತೆ ಕಳಿಸಿ. ಗೆದ್ದೆವು ಅಂತ ಹೇಳಿಬಿಟ್ಟಿದ್ದೇನೆ."

ಮುದುಕ ಈ ಸಲ ನನ್ನತ್ತ ನೋಡಲಿಲ್ಲ. ಅವಳ ಮಾಸ್ಕಿನ ಪಟ್ಟಿಯನ್ನು ಹಿಂದಿನಿಂದ ಬಿಗಿದು, ಬಾಗಿಲು ತೆರೆದ.

ಅವಳು ಅಷ್ಟು ಹಟದಿಂದ ಆಡಿದ್ದನ್ನು ನಾನು ನೋಡಿರಲಿಲ್ಲ. ನನಗೂ ಗಂಟಲು ಬಂತು; ಕೂಗಿದೆ, ಬೈದೆ, ಎಡಕ್ಕೆ ನೋಡೆಂದೆ. ಆದರೆ ಗೋಲು ಕಾಯುವವಳು ಎಷ್ಟು ತಡೆದರೂ ಗೋಲು ಹೊಡೆಯಲಾರಳು. ನಮ್ಮವರು ಹೊಡೆಯಲಿಲ್ಲ. ಕೊನೆಯ ಗಳಿಗೆಯಲ್ಲಿ ನಮ್ಮ ಮೇಲೇ ಇನ್ನೊಂದು ಬಿತ್ತು. ಆಯ್ಕೆಯ ಹೆಂಗಸು ಅದಕ್ಕೂ ಮೊದಲೇ ಥರ್ಮಾಸು ಎತ್ತಿಕೊಂಡು ಹೋಗಿದ್ದಳು.

ಕಾರು ಹತ್ತಿ ಕೂತು ಫೋನು ನೋಡಿದೆ. ತಮ್ಮನ ಮೆಸೇಜು ಬಂದಿತ್ತು: ನಳಿಗೆ ಹಾಕಿದರು, ಹಾಕುವ ಮೊದಲು ಅವ್ವ ನರ್ಸಿಗೆ, ನಮ್ಮ ಕೂಸು ಗೆದ್ದೈತಿ ಎಂದು ಹೇಳಿದಳಂತೆ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಇನ್ನೇನನ್ನೂ ಮುಚ್ಚಿಡುವುದು ಬೇಡವೆನಿಸಿತ್ತು.

"ಆಯಿ ಎದ್ದ ಮೇಲೆ ಸೋತದ್ದನ್ನು ನಾನೇ ಹೇಳುತ್ತೇನೆ. ನೀನು ಹೇಳಬಾರದು, ಮಾಮಾನೂ ಹೇಳಬಾರದು," ಎಂದಳು ಮಗಳು.

"ಬೈತಾಳ ನೋಡು."

"ಬೈಯಲಿ."

ಆ ವಾರವೆಲ್ಲ ಅವಳು ಆ ಮಾತನ್ನು ಕನ್ನಡದಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಹಲ್ಲುಜ್ಜುವಾಗ, ಶೂ ಕಟ್ಟಿಕೊಳ್ಳುವಾಗ ಬಾಯೊಳಗೇ ಹೇಳಿಕೊಳ್ಳುವುದು ನನಗೆ ಕೇಳುತ್ತಿತ್ತು. "ಆಯಿ, ಅವತ್ತ ನಾ ಸುಳ್ಳ ಹೇಳಿದ್ನಿ. ಆಟ ಮುಗದಿರಲಿಲ್ಲ." ನಾನು ತಿದ್ದಲು ಹೋಗಲಿಲ್ಲ. ದಿನಾ ಶಾಲೆಯಿಂದ ಬಂದವಳು ಮೊದಲು ಕೇಳುತ್ತಿದ್ದುದು, ನಳಿಗೆ ತೆಗೆದರಾ ಎಂದು. ಇಲ್ಲ ಎಂದರೆ ಕೋಣೆಗೆ ಹೋಗುತ್ತಿದ್ದಳು. ರಜೆ, ಟಿಕೆಟ್ಟು ಹೊಂದಿಸಿಕೊಂಡು ನಾನು ಶನಿವಾರ ಧಾರವಾಡಕ್ಕೆ ಹೊರಡುವವಳಿದ್ದೆ.

ಶುಕ್ರವಾರ ಬೆಳಿಗ್ಗೆ ಅವ್ವ ಹೋದಳು. ಮಗಳಿಗೆ ಅಂದು ಶಾಲೆಯಲ್ಲಿ ಗಣಿತದ ಪರೀಕ್ಷೆ. ನಾನು ಅವಳ ಕೋಣೆಗೆ ಹೋಗಿ, ಎಬ್ಬಿಸಿ, ಹಾಸಿಗೆಯ ಮೇಲೆ ಕೂತು ಹೇಳಿದೆ. ಅವಳು ತಕ್ಷಣ ಅಳಲಿಲ್ಲ. ಗೋಡೆ ನೋಡುತ್ತ ಕೇಳಿದಳು:

"ಹಂಗಾರ ಆಯಿಗೆ ನಾವು ಗೆದ್ದೀವಿ ಅಂತನ ಗೊತ್ತೈತಿ?"

"ಹೌದವ್ವ," ಅಂದೆ.

ಆಗ ಅತ್ತಳು.